ಗಂಟಲು ನೋವಿಗೆ ಬೆರಳಿನ ರಕ್ತ: ನನ್ನ ಅನುಭವ

'ಗಂಟಲು ನೋಡೋಕೆ ಬೆರಳು ಚುಚ್ತೀಯೇನೋ?' ಅಂತ ನಕ್ಕವರಲ್ಲಿ ನನಗೆ ಪಾಠ ಹೇಳಿಕೊಟ್ಟ ಹಿರಿಯರೂ ಇದ್ದರು. ಈಗ ಅವರೇ ಅನುಮಾನದ ಕೇಸುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಗಂಟಲು ನೋವು ಬ್ಯಾಕ್ಟೀರಿಯಾದ್ದೋ ವೈರಸ್‌ನದ್ದೋ, ಆ್ಯಂಟಿಬಯಾಟಿಕ್ ಬೇಕೋ ಬೇಡವೋ ಅಂತ ತೀರ್ಮಾನಿಸಲು ನಾನು ಬೆರಳಿನ ಹನಿ ರಕ್ತ ನೋಡುತ್ತೇನೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಮೊದಲ ವರ್ಷ ಬರೀ ನಷ್ಟ. ಯಂತ್ರ ತಂದ ಹುಮ್ಮಸ್ಸಿನಲ್ಲಿ ಗಂಟಲು ನೋವು ಅಂದವರಿಗೆಲ್ಲ ಸಿಆರ್‌ಪಿ (ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನು) ಮಾಡಿದೆ. ದುಡ್ಡು ಕೇಳಲು ಸಂಕೋಚ, ಅರ್ಧದಷ್ಟು ಪುಕ್ಕಟೆ. ಫ್ರಿಜ್‌ನಿಂದ ತೆಗೆದ ಕೂಡಲೇ ಹಾಕಿ ಕೆಡಿಸಿದ ಕಿಟ್‌ಗಳು ಹತ್ತೋ ಹನ್ನೆರಡೋ. ಅವಧಿ ಮೀರಿ ಕಸಕ್ಕೆ ಹೋದವು ಬೇರೆ.

ಅದಕ್ಕಿಂತ ದೊಡ್ಡ ಪೆಟ್ಟು ಒಬ್ಬ ಹುಡುಗನಿಂದ. ಬೆಳಿಗ್ಗೆ ಜ್ವರ ಶುರುವಾಗಿತ್ತು, ಮಧ್ಯಾಹ್ನ ಬಂದ. ಸಿಆರ್‌ಪಿ 8 (ಲೀಟರಿಗೆ ಮಿಲಿಗ್ರಾಂ), ಅಂದರೆ ಕಡಿಮೆ. ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದೆ. ಮೂರನೇ ದಿನ ಟಾನ್ಸಿಲ್ ತುಂಬ ಕೀವು, ಸಿಆರ್‌ಪಿ 90ರ ಮೇಲೆ, ಸ್ವಾಬ್ (ಹತ್ತಿಕಡ್ಡಿಯಲ್ಲಿ ಗಂಟಲು ಒರೆಸಿ ಸ್ಟ್ರೆಪ್ ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆ) ಪಾಸಿಟಿವ್. ಯಂತ್ರ ಸುಳ್ಳು ಹೇಳಿರಲಿಲ್ಲ, ನಾನೇ ಅವಸರ ಮಾಡಿದ್ದೆ. ಸಿಆರ್‌ಪಿ ಏರಲು ಶುರುವಾಗುವುದಕ್ಕೇ ಆರೆಂಟು ಗಂಟೆ ಬೇಕು, ತುದಿ ಮುಟ್ಟಲು ಎರಡು ದಿನ. ಈಗ ಮೊದಲ 24 ಗಂಟೆ ಚುಚ್ಚುವುದೇ ಇಲ್ಲ.

ಎರಡನೇ ಪೆಟ್ಟು ತಿರುಗುಮುರುಗು. ಕಾಲೇಜು ಹುಡುಗಿ, ಸಿಆರ್‌ಪಿ 60 ದಾಟಿತ್ತು. ಅಮಾಕ್ಸಿಸಿಲಿನ್ ಬರೆದೆ, ಮೈಯೆಲ್ಲ ದದ್ದು! ಇಬಿವಿ ಅನ್ನುವ ವೈರಸ್, ಅದಿದ್ದಾಗ ಅಮಾಕ್ಸಿಸಿಲಿನ್ ಕೊಟ್ಟರೆ ಹಲವರಿಗೆ ಹೀಗೆ ದದ್ದೇಳುತ್ತದೆ. ಅವಳ ಅಪ್ಪನ ಬೈಗುಳ ಇನ್ನೂ ಕಿವಿಯಲ್ಲಿದೆ. ಅವತ್ತಿನಿಂದ ಸಿಆರ್‌ಪಿ ಜೊತೆಗೆ ಅದೇ ಚುಚ್ಚಿನಲ್ಲಿ ಬಿಳಿ ರಕ್ತಕಣದ ಲೆಕ್ಕವೂ. ಲಿಂಫೋಸೈಟ್ (ಸಾಮಾನ್ಯವಾಗಿ ವೈರಸ್‌ಗೆ ಏರುವ ಬಿಳಿಕಣ) ಹೆಚ್ಚಿದ್ದರೆ ಪೆನ್ನು ಕೆಳಗಿಡುತ್ತೇನೆ. ನ್ಯೂಟ್ರೋಫಿಲ್ (ಸಾಮಾನ್ಯವಾಗಿ ಬ್ಯಾಕ್ಟೀರಿಯಾಕ್ಕೆ ಏರುವ ಬಿಳಿಕಣ) ಏರಿದ್ದರೆ ಸ್ವಾಬ್‌ಗೆ ಕೈ ಹಾಕುತ್ತೇನೆ.

ಸೆಂಟರ್ ಸ್ಕೋರ್ (ಜ್ವರ, ಟಾನ್ಸಿಲ್ ಮೇಲೆ ಕೀವು, ಕತ್ತಿನಲ್ಲಿ ನೋಯುವ ಗಂಟು, ಕೆಮ್ಮು ಇಲ್ಲದಿರುವುದು, ತಲಾ ಒಂದು ಅಂಕ) 0, 1 ಇದ್ದರೆ ರಕ್ತ ಬೇಡ. 4 ಇದ್ದರೆ ನೇರ ಸ್ವಾಬ್. ನಮ್ಮನ್ನು ಕಾಡುವುದು 2, 3. ಕಿಟ್ ಅವರಿಗಷ್ಟೇ ಅಂತ ಗೆರೆ ಎಳೆದ ಮೇಲೇ ಖರ್ಚು ಹತೋಟಿಗೆ ಬಂದದ್ದು. ಯಂತ್ರದ ದುಡ್ಡು ಮೂರನೇ ವರ್ಷಕ್ಕೆ ಹುಟ್ಟಿತು. ಈ ಮಧ್ಯದ ಗುಂಪಿನ ಇನ್ನೂರು ಮಂದಿಯಲ್ಲಿ ಆ್ಯಂಟಿಬಯಾಟಿಕ್ ಬರೆದದ್ದು ಹೆಚ್ಚೆಂದರೆ ನಲವತ್ತು ಜನಕ್ಕೆ. ಮೊದಲಾಗಿದ್ದರೆ ನೂರು ದಾಟುತ್ತಿತ್ತು. (ಗಂಟಲು ನೋವಿನ ಎರಡನೇ ದಿನವೇ ಎಎಸ್‌ಒ, ಅಂದರೆ ಸ್ಟ್ರೆಪ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯದ ರಕ್ತಪರೀಕ್ಷೆ, ಬರೆಯುವವರು ಇನ್ನೂ ಇದ್ದಾರೆ. ಅದು ಏರುವಷ್ಟರಲ್ಲಿ ರೋಗಿ ಗುಣವಾಗಿರುತ್ತಾನೆ.)

ನಡುವೆ ಒಂದು ಹುಚ್ಚು ಪ್ರಯೋಗ. ನನ್ನದೇ ಬೆರಳುಗಳಲ್ಲಿ ಹಿಂಡಿ ತೆಗೆದ ರಕ್ತ, ತಾನಾಗಿ ಬಂದ ರಕ್ತ, ಮೊದಲ ಹನಿ, ಒರೆಸಿದ ಮೇಲಿನ ಹನಿ, ಎಲ್ಲ ಹಾಕಿ ನೋಡಿದೆ. ಬಿಳಿಕಣದಲ್ಲಿ ಸಾವಿರ, ಒಂದೂವರೆ ಸಾವಿರ ವ್ಯತ್ಯಾಸ! ಹಿಂಡಬೇಡಿ, ಬೆರಳು ಬೆಚ್ಚಗಿರಲಿ. ಚಿಕ್ಕ ಮಕ್ಕಳು ಅಳದಂತೆ ಚುಚ್ಚುವ ಉಪಾಯ ಒಂದಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಿಜವಾಗಿ ಬೀಗಿದ್ದು ಕ್ಯಾರಿಯರ್ ಮಕ್ಕಳ (ಗಂಟಲಲ್ಲಿ ಸ್ಟ್ರೆಪ್ ಇದ್ದರೂ ಅದರಿಂದ ಕಾಯಿಲೆ ಇಲ್ಲದವರ) ವಿಷಯದಲ್ಲಿ. ಒಂದು ಮಗುವಿಗೆ ಪ್ರತಿ ನೆಗಡಿಗೂ ಸ್ವಾಬ್ ಪಾಸಿಟಿವ್, ಪ್ರತಿ ಸಲವೂ ಹತ್ತು ದಿನ ಪೆನಿಸಿಲಿನ್. ಟಾನ್ಸಿಲ್ ತೆಗೆಸಲು ದಿನಾಂಕವೂ ಗೊತ್ತಾಗಿತ್ತು. ಮೂಗು ಸೋರುತ್ತಾ, ಕೆಮ್ಮುತ್ತಾ ಮೂರನೇ ದಿನ ಬಂದಾಗ ಚುಚ್ಚಿದೆ: ಸಿಆರ್‌ಪಿ 5ರ ಒಳಗೆ, ಕಣಗಳು ಮಾಮೂಲು. ಮುಂದಿನ ಎರಡು ನೆಗಡಿಯಲ್ಲೂ ಅಷ್ಟೇ. ಔಷಧಿ ಇಲ್ಲದೆ ಮೂರೂ ವಾಸಿಯಾದವು. ಆಪರೇಷನ್ ದಿನಾಂಕ ರದ್ದಾಯಿತು.