ಖಾಲಿ ರೇಷ್ಮೆ ಗೂಡಿನಲ್ಲಿ ನಂದಿಬಟ್ಟಲು ಅರಳಿಸುವುದು ಹೇಗೆ?

ಹೊಸ ಹವ್ಯಾಸ ಬೇಕು ಎನ್ನುವವರು ಮೊದಲು ಮಾಡುವ ಕೆಲಸ ಪೇಟೆಗೆ ಹೋಗಿ ಕಿಟ್ ಕೊಳ್ಳುವುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಅದರ ಅಗತ್ಯವೇ ಇಲ್ಲ. ಹಿಪ್ಪುನೇರಳೆ ತೋಟ, ಹುಳು ಮನೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಗೂಡು, ನೂಲು ಎಲ್ಲವೂ ಇರುವ ಸೀಮೆ ಇದು. ನೂಲಿಗೆ ಒದಗದ ಖಾಲಿ ಗೂಡುಗಳಿಂದ ಹೂವು, ಹಾರ, ತೋರಣ ಮಾಡುವ ಕಸುಬನ್ನು ಒಂದು ಕತ್ತರಿ, ಒಂದು ಸೂಜಿ, ಸ್ವಲ್ಪ ತಂತಿ ಇಟ್ಟುಕೊಂಡು ಮನೆಯಲ್ಲೇ ಕಲಿಯಬಹುದು. ಕಲಿಯಲು ತೀರ ಕಷ್ಟವೇನಿಲ್ಲ. ಆದರೆ ಗೂಡಿನ ಸ್ವಭಾವ ಗೊತ್ತಿಲ್ಲದೆ ಕತ್ತರಿ ಹಾಕಿದರೆ ಮೊದಲ ದಿನವೇ ಬೇಸರವಾಗುತ್ತದೆ. ಹಾಗಾಗಿ ಮೊದಲು ಗೂಡಿನ ವಿಚಾರ, ಆಮೇಲೆ ಹೂವು.

ಒಂದು ದಿನ ಶಿಡ್ಲಘಟ್ಟಕ್ಕೆ

ಗೂಡು ತರುವ ನೆಪದಲ್ಲಿ ಒಂದು ಸಣ್ಣ ತಿರುಗಾಟವೂ ಆಗುತ್ತದೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬಸ್ಸಿದೆ. ಚಿಂತಾಮಣಿ, ಕೋಲಾರದ ಕಡೆ ಹೋಗುವ ರೈಲು ಮಾರ್ಗವೂ ಇದೇ ಊರಿನ ಮೇಲೆ ಹಾದುಹೋಗುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಇಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆಯ ಕಳೆ ಇರುವುದು ಬೆಳಗಿನ ಹೊತ್ತಿನಲ್ಲೇ. ಜಾಲರಿ ತಟ್ಟೆಗಳಲ್ಲಿ ಸುರಿದ ಬಿಳಿ ಮತ್ತು ಹಳದಿ ಗೂಡಿನ ರಾಶಿ, ಅಂಗೈಯಲ್ಲಿ ಗೂಡು ಹಿಡಿದು ಕಿವಿಯ ಹತ್ತಿರ ಕುಲುಕಿ ನೋಡುವ ರೀಲರ್‌ಗಳು (ಗೂಡಿನಿಂದ ನೂಲು ಬಿಚ್ಚುವವರು), ಪಕ್ಕದಲ್ಲಿ ನಿಂತ ರೈತರು, ಇವೆಲ್ಲ ನೋಡಲೇಬೇಕಾದ ನೋಟ. ಆದರೆ ಅಲ್ಲಿ ಹವ್ಯಾಸಕ್ಕೆಂದು ಗೂಡು ಕೊಳ್ಳಲಾಗದು. ಹರಾಜು ನಡೆಯುವುದು ಪರವಾನಗಿ ಇರುವ ರೀಲರ್‌ಗಳಿಗಾಗಿ. ಮೇಲಾಗಿ ಆ ಗೂಡಿನೊಳಗೆ ಜೀವಂತ ಪ್ಯೂಪಾ (ಚಿಟ್ಟೆಯಾಗುವ ಮುಂಚಿನ ಹಂತದ ಹುಳು) ಇರುತ್ತದೆ, ಅದು ನಮ್ಮ ಕೆಲಸಕ್ಕೆ ಬರುವ ಗೂಡಲ್ಲ.

ನಮಗೆ ಬೇಕಾದದ್ದು ಸಿಗುವುದು ಬಿತ್ತನೆ ಕೋಠಿಗಳಲ್ಲಿ, ಅಂದರೆ ರೇಷ್ಮೆ ಮೊಟ್ಟೆ ತಯಾರಾಗುವ ಕಡೆ. ಅಲ್ಲಿ ಗಂಡು, ಹೆಣ್ಣು ಪ್ಯೂಪಾ ಬೇರ್ಪಡಿಸಲು ಗೂಡಿನ ಒಂದು ತುದಿ ಕತ್ತರಿಸಿ ಪ್ಯೂಪಾ ಹೊರತೆಗೆಯುತ್ತಾರೆ. ಉಳಿದ ಖಾಲಿ ಗೂಡನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ‘ಕಟ್ ಕಕೂನ್’ ಎಂದು ಕೇಳಿದರೆ ಸಾಕು. ಚಿಟ್ಟೆ ತಾನೇ ತೂತು ಮಾಡಿ ಹೊರಬಂದ ಗೂಡೂ ಸಿಗುತ್ತದೆ. ಎರಡೂ ಇದ್ದರೆ ಕತ್ತರಿಸಿದ್ದನ್ನೇ ಆರಿಸಿ. ಚಿಟ್ಟೆ ಹೊರಬರುವಾಗ ದ್ರವ ಬಿಟ್ಟು ತುದಿಯನ್ನು ಮೆದು ಮಾಡಿಕೊಳ್ಳುತ್ತದೆ, ಅಲ್ಲಿ ಕಂದು ಕಲೆಯೂ ಎದ್ದುಬಂದ ಎಳೆಗಳೂ ಉಳಿಯುತ್ತವೆ. ಅಂಥ ಗೂಡಾದರೆ ತುದಿಯಿಂದ ಅರ್ಧ ಸೆಂಟಿಮೀಟರ್ ಕತ್ತರಿಸಿ ಬಿಸಾಡಬೇಕಾಗುತ್ತದೆ.

ಮೊದಲ ಸಲಕ್ಕೆ 50 ಗ್ರಾಂ ಸಾಕು. ದ್ವಿತಳಿಯ (ಬೈವೋಲ್ಟೈನ್ ಎಂಬ ಬಿಳಿ ಗೂಡಿನ ತಳಿ) ಒಂದು ಖಾಲಿ ಗೂಡು ಗ್ರಾಂನ ಮೂರನೇ ಒಂದು ಭಾಗದಷ್ಟೇ ತೂಗುವುದರಿಂದ 50 ಗ್ರಾಮಿಗೆ ನೂರೈವತ್ತರ ಹತ್ತಿರ ಗೂಡು ಬರುತ್ತವೆ. ಜೊತೆಗೆ ಒಂದು ಹಿಡಿ ಮಿಶ್ರತಳಿ ಗೂಡೂ ಇರಲಿ. ದ್ವಿತಳಿ ಗೂಡು ಅಚ್ಚ ಬಿಳಿ, ದುಂಡಗೆ, ದಪ್ಪ ಗೋಡೆ. ಮಿಶ್ರತಳಿಯದು ತಿಳಿ ಹಳದಿ, ಸಣ್ಣದು, ತುದಿ ಸ್ವಲ್ಪ ಚೂಪು. ಈ ಹಳದಿಗೆ ಬಣ್ಣ ಹಾಕದಿದ್ದರೇ ಚೆಂದ.

ಅದೇ ಊರಿನಲ್ಲಿ ನೂಲು ಬಿಚ್ಚುವ ಘಟಕವೊಂದನ್ನು ಅನುಮತಿ ಕೇಳಿ ನೋಡಿ ಬನ್ನಿ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹುಡುಕಿ, ಎಂಟು ಹತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುತ್ತಾರೆ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸಾವಿರ ಮೀಟರ್ ಆಸುಪಾಸಿನ ಎಳೆ ಇರುತ್ತದೆ. ಹಿಂದಿರುಗುವಾಗ ಹೊತ್ತಿದ್ದರೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ, ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಮೇಲಿನ ಬಳ್ಳಿ, ಹಕ್ಕಿಗಳ ಕೆತ್ತನೆಯನ್ನು ನಿಧಾನವಾಗಿ ನೋಡಿ. ಎಲೆಯ ಅಂಚು ಎಲ್ಲಿ ಮಡಚಿದೆ, ಎಲ್ಲಿ ಬಿಚ್ಚಿದೆ ಎನ್ನುವುದು ಕಣ್ಣಿಗೆ ಹತ್ತಿದರೆ ಕೈಗೂ ಹತ್ತುತ್ತದೆ.

ಎಲ್ಲ ಇರುವುದು ಅಂಟಿನಲ್ಲಿ

ರೇಷ್ಮೆ ಎಳೆಯ ಒಳಗಿರುವುದು ಫೈಬ್ರಾಯಿನ್, ಅದನ್ನು ಸುತ್ತಿಕೊಂಡಿರುವ ಅಂಟು ಸೆರಿಸಿನ್. ಗೂಡಿನ ಗೋಡೆಯಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಈ ಅಂಟೇ. ಗೂಡು ಗಟ್ಟಿಯಾಗಿ ನಿಲ್ಲುವುದು ಇದರಿಂದ. ರೀಲರ್‌ಗೆ ಈ ಅಂಟು ಕರಗಿ ಎಳೆ ಬಿಡಬೇಕು, ಅದಕ್ಕೇ ಕುದಿಸುತ್ತಾರೆ. ಹೂವು ಮಾಡುವವರಿಗೆ ಅಂಟು ಉಳಿಯಬೇಕು. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸ ಮರೆತದ್ದರಿಂದಲೇ ಆಗುವಂಥವು.

ಹಾಗಾಗಿ ಗೂಡನ್ನು ಕುದಿಸಬೇಡಿ. ಬಟ್ಟೆ ಸೋಪು, ಸೋಡಾ ಹತ್ತಿರವೂ ಸುಳಿಯದಿರಲಿ. ರೇಷ್ಮೆ ಬಟ್ಟೆಯ ಅಂಟು ತೆಗೆಯಲು ಬಳಸುವುದೇ ಅವನ್ನು. ಅಂಟು ಹೋದ ಗೂಡು ಹತ್ತಿಯಂತೆ ಮೆತ್ತಗಾಗಿ ಕುಸಿಯುತ್ತದೆ, ಅದನ್ನು ಮತ್ತೆ ಗಟ್ಟಿ ಮಾಡುವ ದಾರಿ ಇಲ್ಲ. ಅದೇ ಅಂಟು ಉಪಕಾರಿಯೂ ಹೌದು. ಒದ್ದೆಯಾದಾಗ ಮೆದುವಾಗಿ, ಒಣಗಿದಾಗ ಬಿಗಿಯುತ್ತದೆ. ದಳವನ್ನು ಹಸಿ ಇರುವಾಗ ಬಾಗಿಸಿ ಒಣಗಲು ಬಿಟ್ಟರೆ ಆ ಬಾಗು ಹಾಗೇ ನಿಲ್ಲುತ್ತದೆ, ಬೇರೆ ಗಂಜಿ ಬೇಡ.

ಆರಿಸುವುದು, ಚೊಕ್ಕ ಮಾಡುವುದು

ಗೂಡುಗಳನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು ಒಂದೊಂದಾಗಿ ಬೆರಳಿನಲ್ಲಿ ಒತ್ತಿ ನೋಡಿ. ಒತ್ತಿದರೆ ತಗ್ಗುವ ತೆಳು ಗೂಡು, ಒಳಗಿನಿಂದ ಕಪ್ಪು ಕಲೆ ಬಂದ ಗೂಡು ಬೇರೆ ಇಡಿ. ರೇಷ್ಮೆ ಹುಳುವನ್ನು ತಿನ್ನುವ ಊಜಿ ನೊಣದ ಮರಿ ಕೊರೆದ ಗೂಡಿನಲ್ಲಿ ಸಣ್ಣ ದುಂಡು ತೂತು ಇರುತ್ತದೆ. ತೂತು ಒಂದು ಬದಿಗಿದ್ದರೆ ಉಳಿದ ಗೋಡೆಯಿಂದ ಬಿಡಿ ದಳ ಕತ್ತರಿಸಿಕೊಳ್ಳಬಹುದು. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಸಿಕ್ಕಿದರೆ ಜೋಪಾನ ಮಾಡಿ. ನೂಲು ಬಿಚ್ಚುವವರಿಗೆ ಅದು ತಲೆನೋವು, ಆದರೆ ಅದರ ದಪ್ಪ, ಅಗಲ ಗೋಡೆ ದೊಡ್ಡ ದಳಕ್ಕೆ ಬಹಳ ಒಳ್ಳೆಯದು.

ಗೂಡಿನ ಮೇಲಿನ ಸಡಿಲ ಎಳೆಗಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸುತ್ತ ಕಿತ್ತುಬಿಡಿ. ಇದನ್ನು ಬಿಟ್ಟರೆ ಹೂವಿನ ಮೇಲೆ ಧೂಳು ಕೂರುತ್ತದೆ. ಒಳಗೆ, ತುದಿಯಲ್ಲಿ, ಹುಳು ಕಳಚಿದ ಒಣ ಪೊರೆ ಅಂಟಿಕೊಂಡಿರುತ್ತದೆ. ಚಿಮುಟದಿಂದ ತೆಗೆಯಿರಿ. ವಾಸನೆ ಬರುವುದು ಬಹುತೇಕ ಇದರಿಂದಲೇ. ಆಮೇಲೂ ವಾಸನೆ ಉಳಿದರೆ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿ, ನೆರಳಿನಲ್ಲಿ ಒಣಗಿಸಿ. ಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ಬಿಳಿ ಗೂಡು ಹಳದಿಗೆ ತಿರುಗುತ್ತದೆ.

ಬಣ್ಣ

ಬಿಳಿ ಹೂವಿಗೆ ಬಣ್ಣವೇ ಬೇಡ, ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಬಣ್ಣ ಬೇಕೆಂದರೆ ರೇಷ್ಮೆಗೆ ಬಳಸುವ ಆಸಿಡ್ ಬಣ್ಣ ತನ್ನಿ. 50 ಗ್ರಾಂ ಗೂಡಿಗೆ ಅರ್ಧ ಗ್ರಾಂ ಪುಡಿ, ಎರಡು ಲೀಟರ್ ನೀರು, ಮೂರು ದೊಡ್ಡ ಚಮಚ ವಿನೆಗರ್. ಗಾಢ ಬಣ್ಣಕ್ಕೆ ಪುಡಿಯನ್ನು ಒಂದು ಗ್ರಾಂ ಮಾಡಿ. ವಿನೆಗರ್ ಎರಡು ಕೆಲಸ ಮಾಡುತ್ತದೆ: ಬಣ್ಣ ಹಿಡಿಸುತ್ತದೆ, ಹುಳಿ ನೀರಿನಲ್ಲಿ ಸೆರಿಸಿನ್ ಕರಗುವುದನ್ನೂ ತಗ್ಗಿಸುತ್ತದೆ. ಅಡುಗೆಗೆ ಹಾಕುವ ಬಣ್ಣದ ಪುಡಿಯೂ ಇದೇ ರೀತಿ ಹಿಡಿಯುತ್ತದೆ. ಆಸಿಡ್ ಬಣ್ಣ ಹಾಕಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಬಣ್ಣದ ನೀರು ಬೆರಳು ಅದ್ದಲಾಗದಷ್ಟು ಬಿಸಿ ಇರಬೇಕು, ಗುಳ್ಳೆ ಏಳಬಾರದು. ಥರ್ಮಾಮೀಟರ್ ಇದ್ದರೆ 60ರಿಂದ 65 ಡಿಗ್ರಿ ಸೆಲ್ಸಿಯಸ್. ಇಪ್ಪತ್ತು ನಿಮಿಷ ಸಾಕು. ಗಾಳಿ ತುಂಬಿಕೊಂಡ ಗೂಡು ತೇಲುತ್ತದೆ, ನೀರಿನಿಂದ ಮೇಲಿದ್ದ ಭಾಗದಲ್ಲಿ ಬಿಳಿ ಪಟ್ಟೆ ಉಳಿಯುತ್ತದೆ. ಆದ್ದರಿಂದ ಬಣ್ಣಕ್ಕೆ ಹಾಕುವ ಮೊದಲೇ ತಣ್ಣೀರಿನಲ್ಲಿ ಒಂದೊಂದನ್ನೂ ಮುಳುಗಿಸಿ ಗಾಳಿ ಬಿಡಿಸಿ, ಆಮೇಲೆ ಮೇಲೊಂದು ಜರಡಿ ಕವುಚಿ ಹಾಕಿ.

ನಮ್ಮ ಕಡೆಯ ಬೋರ್‌ವೆಲ್ ನೀರು ಬಹುಪಾಲು ಗಡಸು. ಅದರಲ್ಲಿ ಬಣ್ಣ ಮಂಕಾಗುತ್ತದೆ, ಚುಕ್ಕೆ ಚುಕ್ಕೆಯಾಗಿ ಹಿಡಿಯುವುದೂ ಉಂಟು. ಬಣ್ಣಕ್ಕೆ ಮಳೆ ನೀರು ಅಥವಾ ಶುದ್ಧ ನೀರಿನ ಘಟಕದ ನೀರು ಬಳಸಿ. ಅರಿಸಿನ ಸುಲಭವಾಗಿ ಹಿಡಿಯುತ್ತದೆ, ಆದರೆ ಕಿಟಕಿಯ ಬೆಳಕಿಗೇ ಕೆಲವು ವಾರಗಳಲ್ಲಿ ಮಾಸುತ್ತದೆ.

ಮೊದಲ ಹೂವು: ಒಂಟಿ ಎಸಳಿನ ನಂದಿಬಟ್ಟಲು

ಕಲಿಯುವವರು ಗುಲಾಬಿಯಿಂದ ಶುರು ಮಾಡಲು ಹೋಗುತ್ತಾರೆ, ಅದು ಬೇಡ. ನಂದಿಬಟ್ಟಲಿಗೆ ಬೇಕಾದ ಬಿಳುಪು, ಬಟ್ಟಲಿನ ಆಕಾರ ಎರಡೂ ದ್ವಿತಳಿ ಗೂಡಿನಲ್ಲಿ ಮೊದಲೇ ಇವೆ. ಒಂದು ಹೂವಿಗೆ ಒಂದೇ ಗೂಡು.

ಕತ್ತರಿಸಿದ ತುದಿಯನ್ನು ಸಮ ಮಾಡಿಕೊಂಡರೆ ಸುಮಾರು 2.5 ಸೆಂಟಿಮೀಟರ್ ಎತ್ತರದ ಬಟ್ಟಲು ಸಿಗುತ್ತದೆ. ಬಾಯಿಯ ಸುತ್ತಳತೆ 6 ಸೆಂಟಿಮೀಟರಿನ ಹತ್ತಿರ. ಒಂದು ಕಾಗದದ ಪಟ್ಟಿಯ ಮೇಲೆ 1.2 ಸೆಂಟಿಮೀಟರಿಗೊಂದು ಗೆರೆ ಹಾಕಿ ಬಾಯಿಗೆ ಸುತ್ತಿ, ಐದು ಕಡೆ ಪೆನ್ಸಿಲ್ ಗುರುತು ಮಾಡಿ. ಕಣ್ಣಳತೆಯಲ್ಲಿ ಕತ್ತರಿಸಿದರೆ ಕೊನೆಯ ದಳ ಯಾವಾಗಲೂ ಸಣ್ಣದಾಗುತ್ತದೆ. ಗುರುತಿನಿಂದ ಬುಡದ ಕಡೆಗೆ 1.8 ಸೆಂಟಿಮೀಟರ್ ಸೀಳಿ, ಅಡಿಯಲ್ಲಿ 0.7 ಸೆಂಟಿಮೀಟರ್ ಹಾಗೇ ಬಿಡಿ. ಇದಕ್ಕಿಂತ ಆಳ ಹೋದರೆ ದಳ ಬಾಗಿಸುವಾಗ ಬುಡ ಬಿರಿಯುತ್ತದೆ, ಏಕೆಂದರೆ ಗೂಡಿನ ಗೋಡೆ ನಡುವೆ ದಪ್ಪ, ತುದಿಗಳಲ್ಲಿ ತೆಳು. ಕತ್ತರಿ ಸಣ್ಣದಿರಲಿ, ಹರಿತವಾಗಿರಲಿ. ಮೊಂಡಾದರೆ ಗೋಡೆಯ ಪದರಗಳು ಬಿಟ್ಟುಕೊಂಡು ಅಂಚು ನಾರಾಗುತ್ತದೆ.

ಈಗ ಪ್ರತಿ ದಳದ ಎರಡು ಮೂಲೆ ಕತ್ತರಿಸಿ ತುದಿಯನ್ನು ದುಂಡಗೆ ಮಾಡಿ. ಬುಡದ ಮಧ್ಯಕ್ಕೆ ಸೂಜಿಯಿಂದ ತೂತು ಹಾಕಿ. ಸೂಜಿ ಚುಚ್ಚದಂತೆ ಬೆರಳಿಗೆ ಚರ್ಮದ ತುಂಡು ಕಟ್ಟಿಕೊಳ್ಳುವುದು ಒಳ್ಳೆಯದು.

ಹೂವಿಗೆ ಜೀವ ಬರುವುದು ಮುಂದಿನ ಹಂತದಲ್ಲಿ. ಕತ್ತರಿಸಿದ ಗೂಡನ್ನು ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಸುತ್ತಿಡಿ, ಅಥವಾ ಇಡ್ಲಿ ಪಾತ್ರೆಯ ಹಬೆಯಲ್ಲಿ ಚಿಮುಟದಿಂದ ಅರ್ಧ ನಿಮಿಷ ಹಿಡಿಯಿರಿ. ಮೆದುವಾದ ದಳವನ್ನು ದುಂಡು ಪೆನ್ಸಿಲಿನ ಮೇಲೆ ಹೊರಕ್ಕೆ ಬಾಗಿಸಿ, ಹತ್ತು ಎಣಿಸುವ ತನಕ ಒತ್ತಿ ಹಿಡಿಯಿರಿ. ಐದೂ ಆದ ಮೇಲೆ ಪ್ರತಿ ದಳದ ಬಲ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ, ಎಡ ಅಂಚನ್ನು ಅಷ್ಟೇ ಕೆಳಕ್ಕೆ ತಿರುಚಿ. ಎಲ್ಲವೂ ಒಂದೇ ದಿಕ್ಕಿಗೆ ಇರಬೇಕು. ಅಂಗಳದ ಗಿಡದಲ್ಲಿರುವ ನಂದಿಬಟ್ಟಲನ್ನು ಕಿತ್ತು ಎದುರಿಗಿಟ್ಟುಕೊಂಡರೆ ಈ ತಿರುವು ತಾನೇ ಅರ್ಥವಾಗುತ್ತದೆ. ಈ ತಿರುವು ಇಲ್ಲದಿದ್ದರೆ ಐದು ಎಸಳಿನ ಯಾವ ಹೂವೋ ಗೊತ್ತಾಗುವುದಿಲ್ಲ. ಫ್ಯಾನಿನ ಗಾಳಿಗೆ ಎರಡು ಮೂರು ಗಂಟೆ ಇಡಿ. ಮಳೆಗಾಲವಾದರೆ ರಾತ್ರಿಯಿಡೀ ಬಿಡಿ. ಪೂರ್ತಿ ಒಣಗುವ ಮುಂಚೆ ಕೈಯಾಡಿಸಿದರೆ ದಳ ಮತ್ತೆ ಒಳಕ್ಕೆ ಮಗುಚಿಕೊಳ್ಳುತ್ತದೆ.

ಕೊನೆಗೆ 26 ಗೇಜಿನ ತಂತಿಗೆ 3 ಮಿಲಿಮೀಟರಿನ ಒಂದು ಹಳದಿ ಮಣಿ ಪೋಣಿಸಿ, ತಂತಿ ಮಡಚಿ, ಎರಡೂ ತುದಿಯನ್ನು ಬುಡದ ತೂತಿನಿಂದ ಕೆಳಕ್ಕೆ ಎಳೆಯಿರಿ. ಕಾಂಡಕ್ಕೆ 20 ಗೇಜಿನ ತಂತಿ ಸೇರಿಸಿ ಹಸಿರು ಫ್ಲೋರಲ್ ಟೇಪ್ ಸುತ್ತಿ. ಆ ಟೇಪನ್ನು ಎಳೆದು ಹಿಗ್ಗಿಸಿದರೆ ಮಾತ್ರ ಅಂಟುತ್ತದೆ, ಸುಮ್ಮನೆ ಸುತ್ತಿದರೆ ಬಿಚ್ಚಿಹೋಗುತ್ತದೆ.

ಆಮೇಲೆ ಗುಲಾಬಿ, ಹಾರ

ಹತ್ತಾರು ನಂದಿಬಟ್ಟಲು ಕೈಗೆ ಕೂತ ಮೇಲೆ ಗುಲಾಬಿಗೆ ಹೋಗಿ. ಅದಕ್ಕೆ ಮೂರು ಬಟ್ಟಲು: ಒಳಗಿನದು ಸಣ್ಣ ಮಿಶ್ರತಳಿ ಗೂಡು, ಮೂರು ದಳ. ನಡುವಿನದು ನಾಲ್ಕು, ಹೊರಗಿನದು ಜೋಡಿ ಗೂಡಿನದು, ಐದು. ಒಳದಳ ಒಳಕ್ಕೆ, ಹೊರದಳ ಹೊರಕ್ಕೆ ಬಾಗಿಸಿ, ಒಂದರ ಸಂದಿಯ ಮೇಲೆ ಇನ್ನೊಂದರ ದಳ ಬರುವಂತೆ ತಿರುಗಿಸಿ ಕೂರಿಸಿ. ನಡುವಿನ ಮೊಗ್ಗಿಗೆ ಗೂಡಿನ ಪದರ ಬೇಕು. ಒಣ ಗೂಡಿನ ಕತ್ತರಿಸಿದ ಅಂಚಿಗೆ ಗುಂಡುಸೂಜಿ ತೂರಿಸಿ ಮೆಲ್ಲಗೆ ಎತ್ತಿದರೆ ಗೋಡೆ ಎರಡು ಮೂರು ತೆಳು ಪದರವಾಗಿ ಬಿಡುತ್ತದೆ. ಹಸಿ ಇರುವಾಗ ಎಳೆದರೆ ಹರಿಯುತ್ತದೆ. ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಸುರುಳಿ ಸುತ್ತಿ ಇಡಿ. ಬಟ್ಟಲುಗಳನ್ನು ಗೋಂದಿನಿಂದ ಹಿಡಿಸುವ ಆತುರ ಬೇಡ. ಗೋಂದು ಗೋಡೆಯೊಳಕ್ಕೆ ಇಳಿದು ಹೊಳೆಯುವ ಕಲೆಯಾಗುತ್ತದೆ. ಎಲ್ಲ ಬುಡಗಳ ಮೂಲಕ ಹಾದ ತಂತಿಯೇ ಹೂವನ್ನು ಹಿಡಿದಿಡುತ್ತದೆ.

ಹಾರಕ್ಕೆ 60 ಗೂಡು, 30 ಮಣಿ ಸಾಕು. ಬಿಡಿ ಗೂಡುಗಳನ್ನು ಹಾಗೇ ಪೋಣಿಸಿದರೆ ಒಂದರ ಬಾಯಿಯೊಳಕ್ಕೆ ಇನ್ನೊಂದು ಜಾರಿ ಹಾರ ಗಿಡ್ಡವಾಗುತ್ತದೆ. ಅದಕ್ಕೆ ಎರಡೆರಡು ಗೂಡನ್ನು ಬಾಯಿಗೆ ಬಾಯಿ ಇಟ್ಟು, ಒಂದನ್ನು ಸ್ವಲ್ಪ ಅಮುಕಿ ಇನ್ನೊಂದರೊಳಗೆ 2 ಮಿಲಿಮೀಟರ್ ತೂರಿಸಿ ಜೋಡಿ ಮಾಡಿ. ಜೋಡಿಗೊಂದು 6 ಮಿಲಿಮೀಟರಿನ ಮಣಿ ಹಾಕುತ್ತ 30 ಜೋಡಿ ಪೋಣಿಸಿದರೆ ಸುಮಾರು 160 ಸೆಂಟಿಮೀಟರ್ ಉದ್ದ ಬರುತ್ತದೆ. ಕೊರಳಿಗೆ ಹಾಕಿದರೆ ಭಾರವೇ ಅನಿಸುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಅಲಂಕಾರಕ್ಕೂ ಒಪ್ಪುತ್ತದೆ.

ಇಡುವ ಬಗೆ

ಖಾಲಿ ಗೂಡಿಗೆ ದೊಡ್ಡ ಶತ್ರು ಡರ್ಮೆಸ್ಟಿಡ್ ಎಂಬ ಸಣ್ಣ ಜೀರುಂಡೆ. ಅದರ ಕೂದಲು ತುಂಬಿದ ಮರಿಗಳು ಗೂಡನ್ನು ಕೊರೆದು ತಿನ್ನುತ್ತವೆ, ಪೊರೆ ಉಳಿದ ಗೂಡೆಂದರೆ ಇನ್ನೂ ಇಷ್ಟ. ತಂದ ಗೂಡನ್ನು ಪಾಲಿಥಿನ್ ಚೀಲದಲ್ಲಿ ಬಿಗಿದು ಫ್ರಿಜ್ಜಿನ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ. ಬೇಗ ಬಿಚ್ಚಿದರೆ ಗೂಡಿನ ಮೇಲೆ ತೇವ ಕೂರುತ್ತದೆ. ನಂತರ ಗಾಳಿಯಾಡದ ಡಬ್ಬಿಗೆ ಹಾಕಿ. ಸಿದ್ಧವಾದ ಹೂವಿನ ಧೂಳನ್ನು ಬಣ್ಣ ಹಚ್ಚುವ ಒಣ ಕುಂಚದಿಂದ ಝಾಡಿಸಿ, ನೀರು ಚಿಮುಕಿಸಬೇಡಿ. ಒದ್ದೆಯಾದರೆ ಅಂಟು ಸಡಿಲಗೊಂಡು ದಳ ಬಾಗು ಕಳೆದುಕೊಳ್ಳುತ್ತದೆ. ಹಾಗಾದರೂ ಚಿಂತೆಯಿಲ್ಲ, ಹಬೆಗೆ ಹಿಡಿದು ಮತ್ತೆ ಪೆನ್ಸಿಲಿನ ಮೇಲೆ ಬಾಗಿಸಿ ಒಣಗಿಸಬಹುದು.