ಪೊಟ್ಯಾಷ್ ಚೀಲದ ಹಿಂದೆ ಹೋದಾಗ: ಅಡಿಕೆ ತೋಟದಿಂದ ನಾನು ಕಂಡ ದೊಡ್ಡ ದೇಶಗಳ ಪೈಪೋಟಿ

2022ರ ಮೇ ತಿಂಗಳು. ಮುಂಗಾರಿಗೆ ಮೊದಲು ಅಡಿಕೆ ಮರಗಳ ಬುಡಕ್ಕೆ ಗೊಬ್ಬರ ಬೀಳಬೇಕಿತ್ತು. ಪೇಟೆಯ ಅಂಗಡಿಗೆ ಹೋದೆ.

"ಭಟ್ರೇ, ಪೊಟ್ಯಾಷ್ ಇಲ್ಲ. ಬಂದ್ರೂ ಚೀಲಕ್ಕೆ 1,700 ಅಂತೆ" ಎಂದರು ಅಂಗಡಿಯವರು.

ಒಂದೂವರೆ ವರ್ಷದ ಹಿಂದೆ ಅದೇ 50 ಕೆಜಿ ಚೀಲ ಸಾವಿರ ರೂಪಾಯಿಯೊಳಗೆ ಸಿಗುತ್ತಿತ್ತು. ಯಾಕೆ ಹೀಗಾಯಿತು ಅಂತ ಕೇಳಿದೆ. "ಯುದ್ಧ ಅಲ್ವಾ" ಎಂದರು. ಅಷ್ಟೇ ಉತ್ತರ. ನಮ್ಮ ಊರು ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಒಂದು ಮೂಲೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಿನಲ್ಲಿ ಬೆಳೆದ ತೋಟ. ಎಲ್ಲೋ ನಡೆಯುವ ಯುದ್ಧಕ್ಕೂ ನನ್ನ ಮರದ ಬುಡಕ್ಕೂ ಏನು ಸಂಬಂಧ ಅಂತ ಅವತ್ತು ನನಗೆ ಸರಿಯಾಗಿ ಹೊಳೆಯಲಿಲ್ಲ. ಬೆಲೆ ಇಳಿದೀತು ಅಂತ ಕಾದೆ. ಆ ಮಳೆಗಾಲ ಪೊಟ್ಯಾಷ್ ಹಾಕಲೇ ಇಲ್ಲ.

ಅಡಿಕೆಗೆ ಪೊಟ್ಯಾಷ್ ಎಷ್ಟು ಮುಖ್ಯ ಅಂತ ಇಲ್ಲಿ ಹೇಳಬೇಕು. ನಮ್ಮ ಕೂಡ್ಲಿನ ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಹೇಳುವ ಲೆಕ್ಕ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಮೂರರಲ್ಲಿ ಜಾಸ್ತಿ ಬೇಕಾದದ್ದೇ ಪೊಟ್ಯಾಷ್. ಅಂಗಡಿಯ ಚೀಲದಲ್ಲಿ ಶೇ. 60 ಮಾತ್ರ ಅಸಲು ಇರುತ್ತದೆ. ಹಾಗಾಗಿ ಮರಕ್ಕೆ ಸುಮಾರು 235 ಗ್ರಾಂ ಹಾಕಬೇಕು. ನನ್ನಲ್ಲಿರುವುದು 1,200 ಮರ. ವರ್ಷಕ್ಕೆ ಆರು ಚೀಲ. ಆರು ಚೀಲಕ್ಕೆ ನಾಲ್ಕೈದು ಸಾವಿರ ಜಾಸ್ತಿ ಕೊಡುವುದು ಕಷ್ಟವೇ, ಆದರೆ ಕೊಡಬಹುದು. ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂದಾಗ ಮಾತ್ರ ನನಗೆ ಹೆದರಿಕೆ ಆಯಿತು.

ಮಳೆಗಾಲದ ರಾತ್ರಿಗಳಲ್ಲಿ ಕೂತು ಓದತೊಡಗಿದೆ. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಹೆಚ್ಚುಕಡಿಮೆ ಎಲ್ಲವೂ ಹಡಗಿನಲ್ಲೇ ಬರಬೇಕು. ಅದನ್ನು ತೆಗೆದು ಹೊರದೇಶಗಳಿಗೆ ಮಾರುವ ದೊಡ್ಡ ದೇಶಗಳು ಮೂರೇ: ಕೆನಡಾ, ರಷ್ಯಾ, ಬೆಲರೂಸ್. ಇದರಲ್ಲಿ ರಷ್ಯಾ ಮತ್ತು ಬೆಲರೂಸ್ ಒಂದು ಪಕ್ಷ. ಜಗತ್ತಿನಲ್ಲಿ ಮಾರಾಟವಾಗುವ ಪೊಟ್ಯಾಷಿನಲ್ಲಿ ಸುಮಾರು ಶೇ. 40 ಈ ಇಬ್ಬರದು.

ಅಂಗಡಿಯವರು ಹೇಳಿದ ಯುದ್ಧಕ್ಕಿಂತ ಮೊದಲೇ ಕಥೆ ಶುರುವಾಗಿತ್ತು. 2021ರ ಮೇ 23ರಂದು ಬೆಲರೂಸ್ ಸರಕಾರ ತನ್ನ ಆಕಾಶದಲ್ಲಿ ಹಾರುತ್ತಿದ್ದ ಪ್ರಯಾಣಿಕರ ವಿಮಾನವೊಂದನ್ನು ಇಳಿಸಿ, ಅದರಲ್ಲಿದ್ದ ವಿರೋಧಿ ಪತ್ರಕರ್ತನನ್ನು ಹಿಡಿಯಿತು. ಅಮೆರಿಕ, ಯುರೋಪು ಸಿಟ್ಟಾದವು. ಆ ಆಗಸ್ಟಿನಲ್ಲಿ ಅಮೆರಿಕ ಬೆಲರೂಸಿನ ಪೊಟ್ಯಾಷ್ ಕಂಪನಿಯ ಮೇಲೆ ನಿರ್ಬಂಧ ಹಾಕಿತು. ಬೆಲರೂಸಿಗೆ ಸಮುದ್ರ ಇಲ್ಲ. ಪೊಟ್ಯಾಷ್ ರೈಲಿನಲ್ಲಿ ಲಿಥುವೇನಿಯಾದ ಕ್ಲೈಪೇಡ ಬಂದರಿಗೆ ಬಂದು ಹಡಗು ಹತ್ತಬೇಕಿತ್ತು. 2022ರ ಫೆಬ್ರವರಿ 1ರಿಂದ ಲಿಥುವೇನಿಯಾ ಆ ದಾರಿಯನ್ನೂ ಮುಚ್ಚಿತು. ಅದೇ ತಿಂಗಳ 24ಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿತು. 2021ರ ಆರಂಭದಲ್ಲಿ ಭಾರತ ಟನ್ನಿಗೆ 247 ಡಾಲರಿಗೆ ಒಪ್ಪಂದ ಮಾಡಿಕೊಂಡಿದ್ದ ಪೊಟ್ಯಾಷ್, 2022ರಲ್ಲಿ 590 ಡಾಲರ್ ಆಯಿತು.

ಇದನ್ನೆಲ್ಲ ಒಂದೊಂದಾಗಿ ಬರೆದುಕೊಂಡಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ವಿಮಾನ ಇಳಿಸಿದ ದಿನಕ್ಕೂ ನಮ್ಮ ಪೇಟೆಯಲ್ಲಿ ಪೊಟ್ಯಾಷ್ ಖಾಲಿಯಾದ ದಿನಕ್ಕೂ ನಡುವೆ ಪೂರ್ತಿ ಒಂದು ವರ್ಷ ಇತ್ತು. ಅಷ್ಟು ದಿನ ಸುದ್ದಿ ನನ್ನ ಕಣ್ಣೆದುರೇ ಇತ್ತು. ಓದಲು ಗೊತ್ತಿರಲಿಲ್ಲ ಅಷ್ಟೇ.

ಆಗ ಒಂದು ಪುಸ್ತಕ ಇಟ್ಟೆ. ಎಡಗಡೆ ಪುಟದಲ್ಲಿ ಜಗತ್ತಿನ ಸುದ್ದಿ, ತಾರೀಕು ಸಮೇತ. ಬಲಗಡೆ ನಮ್ಮ ಅಂಗಡಿಯ ಬೆಲೆ, ತಿಂಗಳಿಗೊಮ್ಮೆ. ಎಲ್ಲ ಸುದ್ದಿಯೂ ಬೇಡ. ನನ್ನ ಗೊಬ್ಬರದ ಕೊಟ್ಟಿಗೆಯಲ್ಲಿರುವ ವಸ್ತುಗಳಿಗೆ ತಾಗುವಂಥದ್ದು ಮಾತ್ರ.

ಯೂರಿಯಾದ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ ಅಂತ ಸರಕಾರವೇ ಕಟ್ಟಿಟ್ಟಿದೆ. ರಂಜಕದ ಕಥೆ ಬೇರೆ. 2021ರ ಅಕ್ಟೋಬರಿನಿಂದ ಚೀನಾ ತನ್ನ ರಂಜಕ ಗೊಬ್ಬರ ಹೊರಗೆ ಹೋಗದ ಹಾಗೆ ತಪಾಸಣೆಯ ನಿಯಮ ಬಿಗಿ ಮಾಡಿತು. ಡಿಎಪಿ ಎಂಬ ರಂಜಕ ಗೊಬ್ಬರ ನಂಬಿದವರಿಗೆ ಅದು ದೊಡ್ಡ ಪೆಟ್ಟು. ನಮ್ಮದು ಮುರಕಲ್ಲಿನ ಹುಳಿ ಮಣ್ಣು. ಇಂಥ ಮಣ್ಣಿಗೆ ರಾಕ್ ಫಾಸ್ಫೇಟ್ ಸಾಕಾಗುತ್ತದೆ. ಹಾಗಾಗಿ ನಾನು ಬಚಾವಾದೆ.

ಪುಸ್ತಕ ಇಟ್ಟ ಮೇಲೂ ಒಂದು ತಪ್ಪು ಮಾಡಿದೆ. 2023ರ ನವೆಂಬರಿನಲ್ಲಿ ಯೆಮನ್ ದೇಶದ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಹಡಗುಗಳು ಆಫ್ರಿಕಾ ಸುತ್ತಿ ಬರತೊಡಗಿದವು. ಮತ್ತೆ 2022ರ ಹಾಗೇ ಆಗುತ್ತದೆ ಅಂತ ಎರಡು ವರ್ಷಕ್ಕಾಗುವಷ್ಟು ಪೊಟ್ಯಾಷ್ ತಂದು ಪೇರಿಸಿದೆ. ಆದರೆ ಆ ಹೊತ್ತಿಗೆ ಜಗತ್ತಿನ ಬೆಲೆ ಇಳಿಯುತ್ತಾ ಇತ್ತು. ನಮ್ಮ ಮಳೆಗಾಲದ ತೇವಕ್ಕೆ ಚೀಲಗಳು ಕಲ್ಲಾದವು. ಹಾರೆಯ ಹಿಂಬದಿಯಿಂದ ಕುಟ್ಟಿ ಪುಡಿ ಮಾಡಬೇಕಾಯಿತು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಒಂದೇ ಸುದ್ದಿಗೆ ಚೀಲ ಹೊರುವುದಿಲ್ಲ. ಸರಕು ಬೇರೆ ಕಡೆಯಿಂದ ಬರುತ್ತದೋ, ಭಾರತದ ಹೊಸ ಒಪ್ಪಂದ ಯಾವ ಬೆಲೆಗೆ ಆಗಿದೆಯೋ ನೋಡಿದ ಮೇಲೆಯೇ ತೀರ್ಮಾನ.

ನನಗೆ ಜಾಸ್ತಿ ಕಲಿಸಿದ್ದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅದನ್ನು ಸುಣ್ಣದ ಜೊತೆ ನೀರಿನಲ್ಲಿ ಬೆರೆಸಿದ್ದೇ ಬೋರ್ಡೋ ಮದ್ದು. ಪೊಟ್ಯಾಷ್ ಒಂದು ವರ್ಷ ತಪ್ಪಿದರೆ ಮರ ತಾಳಿಕೊಳ್ಳಬಹುದು. ಮಳೆಗಾಲದಲ್ಲಿ ಬೋರ್ಡೋ ಮದ್ದು ತಪ್ಪಿದರೆ ಕೊಳೆರೋಗ ಬಿಡುವುದಿಲ್ಲ, ಗೊನೆಗಟ್ಟಲೆ ಕಾಯಿ ಉದುರಿ ಬೀಳುತ್ತದೆ. 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತು, 2 ಕೆಜಿ ಸುಣ್ಣ. ಕತ್ತಿಯ ತುದಿ ಅದ್ದಿ ನೋಡುತ್ತೇವೆ. ಕೆಂಪು ಹಿಡಿದರೆ ಸುಣ್ಣ ಇನ್ನೂ ಬೇಕು. ಆ ಕೆಂಪು ತಾಮ್ರವೇ. ಅಂದರೆ ವರ್ಷವರ್ಷವೂ ನಾನು ಮರಗಳ ಮೇಲೆ ಬಿಡುವುದು ತಾಮ್ರವನ್ನು. ವಿದ್ಯುತ್ ತಂತಿಗೆ, ಬ್ಯಾಟರಿ ಕಾರಿಗೆ, ಕಂಪ್ಯೂಟರ್ ಕೇಂದ್ರಗಳಿಗೆ, ಮದ್ದುಗುಂಡಿಗೆ ಬೇಕಾದ ಅದೇ ತಾಮ್ರ. ಗಣಿ ಚಿಲಿ, ಪೆರುವಿನಂಥ ದೇಶಗಳಲ್ಲಿದೆ. ಶುದ್ಧ ಮಾಡುವ ಕುಲುಮೆಗಳು ಮಾತ್ರ ಎಲ್ಲರಿಗಿಂತ ಜಾಸ್ತಿ ಚೀನಾದಲ್ಲಿವೆ. ಅಮೆರಿಕಕ್ಕೆ ನಿದ್ದೆ ಬಾರದಿರುವುದು ಇದರಿಂದಲೇ.

2025ರ ಜುಲೈಯಲ್ಲಿ ಟ್ರಂಪ್ ತಾಮ್ರದ ಮೇಲೆ ಶೇ. 50 ಸುಂಕ ಎಂದರು. ಬೆಂಗಳೂರಿನಿಂದ ಅಳಿಯ ಫೋನ್ ಮಾಡಿದ. "ಮಾವ, ತಾಮ್ರ ಏರ್ತಾ ಇದೆ. ಮುಂದಿನ ವರ್ಷದ್ದೂ ಈಗಲೇ ತೆಗೆದಿಡಿ." ಕೆಂಪು ಸಮುದ್ರದ ಪಾಠ ನೆನಪಿತ್ತು. ಆದೇಶ ಕೈಗೆ ಬರಲಿ, ನೋಡೋಣ ಎಂದೆ. ತಿಂಗಳ ಕೊನೆಗೆ ಆದೇಶ ಬಂತು. ಶುದ್ಧ ಮಾಡಿದ ತಾಮ್ರದ ಗಟ್ಟಿಗೆ ಸುಂಕ ಇಲ್ಲ, ಪೈಪು ತಂತಿಗಳಂಥ ಸಾಮಾನಿಗೆ ಮಾತ್ರ. ಅಮೆರಿಕದ ಪೇಟೆಯಲ್ಲಿ ತಾಮ್ರ ಒಂದೇ ದಿನ ಶೇ. 20ಕ್ಕಿಂತ ಜಾಸ್ತಿ ಬಿತ್ತು. ಎಡಗಡೆ ಪುಟದಲ್ಲಿ ಆಮೇಲಿಂದ ಎರಡು ಬಣ್ಣದ ಪೆನ್ನು ಬಳಸುತ್ತೇನೆ. ಮಾತಿಗೆ ನೀಲಿ, ಆದೇಶಕ್ಕೆ ಕೆಂಪು. ಅಕ್ಟೋಬರ್ 30ರಂದು ಟ್ರಂಪ್ ಮತ್ತು ಚೀನಾದ ಷಿ ಜಿನ್‌ಪಿಂಗ್ ದಕ್ಷಿಣ ಕೊರಿಯದ ಬುಸಾನಿನಲ್ಲಿ ಕೈಕುಲುಕಿದ್ದನ್ನು ನೀಲಿಯಲ್ಲೇ ಬರೆದಿದ್ದೇನೆ.

ಆ ನವೆಂಬರಿನಲ್ಲಿ ಅಮೆರಿಕ ತನಗೆ ತೀರಾ ಅಗತ್ಯವಾದ ಖನಿಜಗಳ ಪಟ್ಟಿಯನ್ನು ಹಿಗ್ಗಿಸಿತು. ಹೊಸದಾಗಿ ಸೇರಿದ ಹೆಸರುಗಳನ್ನು ಓದಿ ನಾನು ಎದ್ದು ಕೊಟ್ಟಿಗೆಗೆ ಹೋದೆ. ತಾಮ್ರ, ಪೊಟ್ಯಾಷ್, ಫಾಸ್ಫೇಟ್, ಬೋರಾನ್. ನಾಲ್ಕೂ ಅಲ್ಲೇ ಇದ್ದವು. ಕಾಯಿ ಸೀಳದಿರಲಿ ಅಂತ ಗೊನೆಗೆ ಬಿಡಲು ತಂದ, ಬೋರಾನ್ ಇರುವ ಬೋರಾಕ್ಸ್ ಪೊಟ್ಟಣವೂ ಸೇರಿ. ದೊಡ್ಡ ದೇಶಗಳು ಯಾವುದಕ್ಕಾಗಿ ಹೊಡೆದಾಡುತ್ತಿವೆಯೋ ಅದೇ ಸಾಮಾನು ನನ್ನ ಮಣ್ಣಿನ ಗೋಡೆಗೆ ಒರಗಿ ನಿಂತಿತ್ತು. ಡಿಸೆಂಬರಿನಲ್ಲಿ ಅಮೆರಿಕ ಬೆಲರೂಸಿನ ಪೊಟ್ಯಾಷ್ ಮೇಲಿನ ನಿರ್ಬಂಧ ತೆಗೆಯಿತು. ಬೆಲರೂಸ್ 123 ಕೈದಿಗಳನ್ನು ಬಿಟ್ಟಿತು. ನೊಬೆಲ್ ಶಾಂತಿ ಪುರಸ್ಕಾರ ಪಡೆದ ಅಲೆಸ್ ಬ್ಯಾಲ್ಯಾಟ್ಸ್ಕಿಯೂ ಅವರಲ್ಲಿದ್ದರು. ಗೊಬ್ಬರಕ್ಕೆ ಬದಲಾಗಿ ಮನುಷ್ಯರು. ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ತೋಟದಲ್ಲಿ ನಾನು ಮಾಡಿಕೊಂಡ ಬದಲಾವಣೆ ಕೆಲವೇ. ಎರಡು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸುತ್ತೇನೆ. ಅಂದಾಜಿಗೆ ಗೊಬ್ಬರ ಸುರಿಯುವುದು ನಿಂತಿದೆ. ಸೋಗೆ, ಹಾಳೆ, ಸಿಪ್ಪೆ ಯಾವುದನ್ನೂ ಸುಡುವುದಿಲ್ಲ. ಎಲ್ಲ ಎರೆಗೊಬ್ಬರದ ತೊಟ್ಟಿಗೆ. ಮರ ಎಳೆದುಕೊಂಡ ಪೊಟ್ಯಾಷ್ ಅದರಲ್ಲೇ ಇದೆ, ಅದು ಮರಕ್ಕೇ ವಾಪಸ್ ಹೋಗಲಿ. ಈಗ ಆರು ಚೀಲ ತರುತ್ತಿದ್ದಲ್ಲಿ ನಾಲ್ಕು ತರುತ್ತೇನೆ. ಮೈಲುತುತ್ತಿಗೆ ಬದಲಿ ಇಲ್ಲ. ಅದನ್ನು ನೆರೆಯ ನಾಲ್ಕು ಮನೆಯವರು ಸೇರಿ, ಎಲ್ಲರೂ ಮುಗಿಬೀಳುವ ಮೇ ತಿಂಗಳಿಗೆ ಮೊದಲೇ ಒಟ್ಟಿಗೆ ತರುತ್ತೇವೆ.

ಒಮ್ಮೆ ನಮ್ಮಲ್ಲೇ ಒಬ್ಬರು ಕಡಿಮೆ ಬೆಲೆಯ, ಹೆಸರಿಲ್ಲದ ಪುಡಿಯೊಂದನ್ನು ತೋರಿಸಿದರು. ನಾನು ಬೇಡವೇ ಬೇಡ ಎಂದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಊರು ನಮ್ಮದು. ಆ ವಿಷ ತಾಗಿದ ಮನೆಗಳ ಮಕ್ಕಳನ್ನು ನೋಡಿದವರು ಗೊತ್ತಿಲ್ಲದ ಮದ್ದಿನ ಡಬ್ಬಿ ಬಿಚ್ಚಲಾರರು.

ಈ ಸಲದ ಮೈಲುತುತ್ತು ಜನವರಿಯಲ್ಲೇ ಬಂದಿದೆ. ಇವತ್ತು ತೋಟದ ಹತ್ತು ಕಡೆಯಿಂದ ಮಣ್ಣು ತೆಗೆದು, ಕಲಸಿ, ಜಗಲಿಯ ನೆರಳಲ್ಲಿ ಹಾಳೆಯ ಮೇಲೆ ಹರಡಿದ್ದೇನೆ. ಒಣಗಿದ ಮೇಲೆ ಪೊಟ್ಟಣ ಕಟ್ಟಿ ಕೃಷಿ ಭವನಕ್ಕೆ ಕೊಟ್ಟು ಬರಬೇಕು.