ಎಲ್ಕೋ ಸ್ಪಿನರ್ ಕಟ್ಟುವಾಗ ಫೇಸ್ ಲೆಕ್ಕ ತಪ್ಪದಿರಲಿ

ಸ್ಪಿನರ್ ಅಂದರೆ ಸ್ಪಿನ್ 1/2 ಕಣದ ಸ್ಥಿತಿಯನ್ನು ಬರೆಯುವ ಸಂಕೀರ್ಣ ಸಂಖ್ಯೆಗಳ ಕಂಬಸಾಲು. ಎಲ್ಕೋ ಅಂದರೆ ಚಾರ್ಜ್ ಕಾಂಜುಗೇಶನ್ (ಕಣವನ್ನು ಪ್ರತಿಕಣವಾಗಿಸುವ) ಆಪರೇಟರ್‌ನ ಐಗೆನ್‌ಸ್ಪಿನರ್, ಅಂದರೆ ಆ ಆಪರೇಟರ್ ಹಾಕಿದರೂ ಚಿಹ್ನೆಯ ಹೊರತು ಬದಲಾಗದ ಸ್ಪಿನರ್. ಅಹ್ಲುವಾಲಿಯಾ ಮತ್ತು ಗ್ರುಮಿಲ್ಲರ್ 2005ರಲ್ಲಿ ಮುಂದಿಟ್ಟ ಈ ಕ್ಷೇತ್ರದ ಸ್ಪಿನ್ 1/2. ಮಾಸ್ ಡೈಮೆನ್ಷನ್ (ಕ್ಷೇತ್ರದ ಆಯಾಮ ದ್ರವ್ಯರಾಶಿಯ ಎಷ್ಟನೇ ಘಾತ ಎಂಬುದು) ಮಾತ್ರ ಎಲೆಕ್ಟ್ರಾನ್‌ನ ಡಿರಾಕ್ ಕ್ಷೇತ್ರದಂತೆ 3/2 ಅಲ್ಲ, 1. ಪೈಥಾನ್‌ನ ಸಾಂಕೇತಿಕ ಗಣಿತದ ಲೈಬ್ರರಿ ಸಿಂಪೈನಲ್ಲಿ ನಾನು ಇದನ್ನು ಕಟ್ಟುವುದು ಹೀಗೆ.

ಸಂವೇಗದ ದಿಕ್ಕಿನ ಕೋನಗಳಾದ ಥೀಟಾ, ಫೈ ಮತ್ತು ದ್ರವ್ಯರಾಶಿಯನ್ನು ರಿಯಲ್ ಎಂದು ಮೊದಲೇ ಘೋಷಿಸುತ್ತೇನೆ. ಇಲ್ಲವಾದರೆ ಕಾಂಜುಗೇಟ್‌ಗಳು (ಸಂಕೀರ್ಣ ಸಂಯುಗ್ಮಗಳು) ಬಿಡಿಸಿಕೊಳ್ಳುವುದೇ ಇಲ್ಲ. ವಿಗ್ನರ್ ಮ್ಯಾಟ್ರಿಕ್ಸ್‌ನ ಸಾಲುಗಳು (0, −1) ಮತ್ತು (1, 0). ಎರಡು ಘಟಕದ ಎಡ (ಎಡಗೈ) ಸ್ಪಿನರ್‌ನ ಕಾಂಜುಗೇಟನ್ನು ಇದರಿಂದಲೂ ಐ (−1ರ ವರ್ಗಮೂಲ) ಇಂದಲೂ ಗುಣಿಸಿದರೆ ನಾಲ್ಕು ಘಟಕದ ಎಲ್ಕೋದ ಮೇಲಿನ ಎರಡು ಘಟಕ ಸಿಗುತ್ತವೆ. ಕೆಳಗಿನವು ಎಡ ಸ್ಪಿನರ್‌ನವೇ. ಮೇಲೆ ಕೆಳಗೆ ಹೆಲಿಸಿಟಿ (ಸಂವೇಗದ ದಿಕ್ಕಿನಲ್ಲಿ ಸ್ಪಿನ್‌ನ ಚಿಹ್ನೆ) ವಿರುದ್ಧವಾಗಿರುತ್ತದೆ. ಡ್ಯುಯಲ್ ಅಂದರೆ ನಾರ್ಮ್ (ಸ್ಪಿನರ್‌ನ ಅಳತೆ) ಪಡೆಯಲು ಸ್ಪಿನರ್‌ನ ಎಡಕ್ಕೆ ಗುಣಿಸುವ ಸಾಲು. ಮಾಮೂಲಿ ಡಿರಾಕ್ ಡ್ಯುಯಲ್‌ನಿಂದ ನಾರ್ಮ್ ಸೊನ್ನೆ ಬರುವುದರಿಂದ, ಒಂದು ಹೆಲಿಸಿಟಿಯ ಡ್ಯುಯಲ್ ಕಟ್ಟಲು ಇನ್ನೊಂದನ್ನು ತೆಗೆದುಕೊಂಡು ಐ ಅಥವಾ −ಐ ಸೇರಿಸಬೇಕು. ಆಗ ನಾರ್ಮ್ ದ್ರವ್ಯರಾಶಿಯ ಎರಡರಷ್ಟು.

ಎಡವುವ ಜಾಗ ಒಂದಿದೆ. ಎಡ ಸ್ಪಿನರ್‌ನ ಮೇಲಿನ ಘಟಕಕ್ಕೆ −ಫೈ/2, ಕೆಳಗಿನದಕ್ಕೆ +ಫೈ/2 ಫೇಸ್ (ಸಂಕೀರ್ಣ ಸಂಖ್ಯೆಯ ಕೋನ) ಇರಲೇಬೇಕು. ರೂಢಿಯಂತೆ ಮೇಲಿನದನ್ನು ರಿಯಲ್ ಇಟ್ಟು ಪೂರ್ತಿ ಫೈಯನ್ನು ಕೆಳಗೆ ಹಾಕಿದರೆ ನಾರ್ಮ್‌ಗೆ ಕಾಸ್ ಫೈ ಅಂಟಿಕೊಳ್ಳುತ್ತದೆ, 90 ಡಿಗ್ರಿಯಲ್ಲಿ ಸೊನ್ನೆಯಾಗುತ್ತದೆ. ಡಿರಾಕ್ ಸ್ಪಿನರ್‌ನಲ್ಲಿ ಈ ಫೇಸ್‌ಗೆ ಬೆಲೆಯಿಲ್ಲ. ಇಲ್ಲಿ ಆಪರೇಟರ್ ಆಂಟಿಲೀನಿಯರ್ (ಗುಣಕವನ್ನು ಅದರ ಕಾಂಜುಗೇಟ್ ಆಗಿಸುವಂಥದ್ದು), ಆದ್ದರಿಂದ ಇಡೀ ಎಲ್ಕೋದ ಫೇಸ್ ತಿರುಗಿಸಿದರೆ ಐಗೆನ್ ಸ್ಥಿತಿಯೇ ಕೆಡುತ್ತದೆ. ಫೋಟಾನ್ ಜೊತೆಗಿನ ಮಾಮೂಲಿ ಗೇಜ್ ಜೋಡಣೆ (ಫೇಸ್ ತಿರುಗಿಸುವುದನ್ನೇ ನೆಚ್ಚಿದ್ದು) ಇದಕ್ಕೆ ಒಗ್ಗದಿರುವುದೂ, ಇದು ಡಾರ್ಕ್ ಮ್ಯಾಟರ್ ಪಟ್ಟಿಗೆ ಬಂದದ್ದೂ ಇದೇ ಕಾರಣಕ್ಕೆ. ಹಿಗ್ಸ್ ಜೊತೆಗಿನ ಜೋಡಣೆಯ ಡೈಮೆನ್ಷನ್ 4, ಅನುಮತಿಯ ಮಿತಿಯೊಳಗೇ ಇದೆ, ಹಾಗಾಗಿ ಅದಕ್ಕೆ ಅಡ್ಡಿಯಿಲ್ಲ.

ಡಿರಾಕ್ ಸಮೀಕರಣದಲ್ಲಿರುವ ಗಾಮಾ-ಸಂವೇಗ ಆಪರೇಟರ್ ಹಾಕಿ ನೋಡಿ: ಒಂದು ಹೆಲಿಸಿಟಿ ಇನ್ನೊಂದಾಗುತ್ತದೆ. ಡಿರಾಕ್ ಸಮೀಕರಣ ನಿಲ್ಲುವುದಿಲ್ಲ, ಕ್ಲೈನ್-ಗೋರ್ಡನ್ ನಿಲ್ಲುತ್ತದೆ.

ಸ್ಪಿನ್ ಮೊತ್ತದಲ್ಲಿ (ಎಲ್ಲ ಹೆಲಿಸಿಟಿಗಳ ಸ್ಪಿನರ್-ಡ್ಯುಯಲ್ ಗುಣಲಬ್ಧಗಳನ್ನು ಕೂಡಿದ್ದು) ಐಡೆಂಟಿಟಿಯ ಜೊತೆ ಇನ್ನೊಂದು ಮ್ಯಾಟ್ರಿಕ್ಸ್ ಬರುತ್ತದೆ. ಅದರಲ್ಲಿ ಥೀಟಾ ಇಲ್ಲ, ಸಂವೇಗದ ಪರಿಮಾಣವೂ ಇಲ್ಲ, ಫೈ ಮಾತ್ರ. ಝಡ್ ಅಕ್ಷ ವಿಶೇಷವಾಗಿಬಿಟ್ಟಿತು, ಪೂರ್ಣ ಲೊರೆಂಟ್ಸ್ ಸಮ್ಮಿತಿ (ಎಲ್ಲ ದಿಕ್ಕು, ವೇಗಗಳಿಗೂ ಒಂದೇ ನಿಯಮ) ಹೋಯಿತು. ಕೋಹೆನ್ ಮತ್ತು ಗ್ಲ್ಯಾಶೋ 2006ರಲ್ಲಿ ಹೇಳಿದ ವೆರಿ ಸ್ಪೆಷಲ್ ರಿಲೇಟಿವಿಟಿ (ಲೊರೆಂಟ್ಸ್ ಸಮ್ಮಿತಿಯ ಒಂದು ಭಾಗವನ್ನಷ್ಟೇ ಬೇಡುವ ಸಾಪೇಕ್ಷತೆ) ನೆರವಿಗೆ ಬರುವುದು ಇಲ್ಲೇ. ಅದರ ಸಿಮ್(2) ಗುಂಪಿಗೆ ನಾಲ್ಕೇ ಜನರೇಟರ್: ಝಡ್ ಸುತ್ತ ತಿರುಗುವಿಕೆ, ಝಡ್ ಬೂಸ್ಟ್ (ಆ ದಿಕ್ಕಿನಲ್ಲಿ ವೇಗದ ಬದಲಾವಣೆ), ಎಕ್ಸ್ ಬೂಸ್ಟ್ ಪ್ಲಸ್ ವೈ ತಿರುಗುವಿಕೆ, ವೈ ಬೂಸ್ಟ್ ಮೈನಸ್ ಎಕ್ಸ್ ತಿರುಗುವಿಕೆ. ಕೊನೆಯ ಎರಡರ ಕಮ್ಯುಟೇಟರ್ (ಕ್ರಮ ಅದಲುಬದಲು ಮಾಡಿದ ಗುಣಲಬ್ಧಗಳ ವ್ಯತ್ಯಾಸ) ಸೊನ್ನೆ ಬರಬೇಕು; ಎರಡರಲ್ಲೂ ಪ್ಲಸ್ ಹಾಕಿದರೆ ಝಡ್ ತಿರುಗುವಿಕೆ ಉಳಿದುಬಿಡುತ್ತದೆ.

ಮುಂದೆ ಅಹ್ಲುವಾಲಿಯಾ ಡ್ಯುಯಲ್ ಅನ್ನೇ ಬದಲಿಸಿ ಪೂರ್ಣ ಲೊರೆಂಟ್ಸ್ ಸಮ್ಮಿತಿಯ ರೂಪವನ್ನೂ ಕೊಟ್ಟರು. ಯಾವ ಡ್ಯುಯಲ್ ಬಳಸಿದ್ದೀರಿ ಎಂಬುದನ್ನು ಕೋಡ್‌ನ ಮೊದಲ ಸಾಲಿನಲ್ಲೇ ಬರೆದಿಡಿ.